ಕಟ್ಟಡದೊಳಗಿನ ಆಟ: ನನ್ನ ಅನುಭವ

ನಾಲ್ಕು ಮಹಡಿಯ ಕ್ಯಾಂಪಸ್ ಕಟ್ಟಡದೊಳಗೆ ಆಡುವ ಸೋಷಿಯಲ್ ಮೀಡಿಯಾ ಆಟವೊಂದನ್ನು ಮಾಡಲು ಹೊರಟಾಗ ನನ್ನ ತಲೆಗೆ ಮೊದಲು ಬಂದದ್ದು ಜಿಪಿಎಸ್. 2016ರಲ್ಲಿ ಪೋಕೆಮಾನ್ ಗೋ ಎಂಬ ಫೋನ್ ಆಟ ಬಂದಾಗ ಜನ ಫೋನ್ ಹಿಡಿದು ಬೀದಿ ಬೀದಿ ಅಲೆದದ್ದು ನೆನಪಿತ್ತು. ಆದರೆ ಕಾಂಕ್ರೀಟ್ ದಾಟಿ ಒಳಗೆ ಬರುವಷ್ಟರಲ್ಲಿ ಉಪಗ್ರಹದ ಸಿಗ್ನಲ್ ಸೊರಗಿಬಿಡುತ್ತದೆ. ನಾನು ಎರಡನೇ ಮಹಡಿಯಲ್ಲಿದ್ದರೆ ಮ್ಯಾಪಿನ ಚುಕ್ಕೆ ಹೊರಗಿನ ರಸ್ತೆಯಲ್ಲಿತ್ತು. ಯಾವ ಮಹಡಿ ಅನ್ನುವುದಂತೂ ಗೊತ್ತೇ ಆಗುತ್ತಿರಲಿಲ್ಲ.

ಹಾಗಾಗಿ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದೆ, ಫೋನಿನಲ್ಲಿ ಸ್ಕ್ಯಾನ್ ಮಾಡಿದವರಿಗೆ ಅಂಕ. ಕೋಡಿನ ಸುತ್ತ, ಅದರೊಳಗಿನ ಅತಿ ಪುಟ್ಟ ಚೌಕಗಳಲ್ಲಿ ನಾಲ್ಕರಷ್ಟು ಅಗಲದ ಖಾಲಿ ಜಾಗ ಬೇಕು. ಪೋಸ್ಟರ್ ಚೆನ್ನಾಗಿ ಕಾಣಲಿ ಅಂತ ಅದನ್ನು ಕತ್ತರಿಸಿದ್ದೆ, ಎಷ್ಟೋ ಫೋನುಗಳು ಓದಲೇ ಇಲ್ಲ. ಮತ್ತೆ ಪ್ರಿಂಟ್ ಹಾಕಿಸಿದೆ. ಸುಮಾರು 30% ಹಾಳಾದರೂ ಓದಬಲ್ಲ ಬಗೆಯ ಕೋಡ್ ಆರಿಸಿದೆ, ಲಿಂಕನ್ನು ಚಿಕ್ಕದು ಮಾಡಿದೆ. ಲಿಂಕ್ ಉದ್ದವಾದರೆ ಚೌಕಗಳು ಜಾಸ್ತಿಯಾಗಿ ಕೋಡ್ ಒತ್ತೊತ್ತಾಗುತ್ತದೆ.

ನಿಜವಾದ ಪೆಟ್ಟು ಬಿದ್ದದ್ದು ಮೊದಲ ದಿನ ಮಧ್ಯಾಹ್ನ. ಯಾರೋ ಎಲ್ಲ ಕೋಡುಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ದರು. ಕುರ್ಚಿ ಬಿಟ್ಟು ಏಳದವರಿಗೂ ಪೂರ್ತಿ ಅಂಕ! ತುಂಬ ಬೇಜಾರಾಯಿತು. ರಾತ್ರಿ ಕೂತು ಯೋಚಿಸಿದಾಗ ತಪ್ಪು ನನ್ನದೇ ಅನ್ನಿಸಿತು. ಕಟ್ಟಡವನ್ನೇ ನೋಡದೆ ಗೆಲ್ಲುವಂಥ ಆಟ ಕಟ್ಟಿದ್ದೆ, ಅಲ್ವಾ?

ಮರುದಿನದಿಂದ ಕೋಡಿಗೆ ಅಂಕವಿಲ್ಲ. ಅದು ಪ್ರಶ್ನೆ ಮಾತ್ರ ಕೊಡುತ್ತದೆ. ಉತ್ತರ ಬೇಕಾದರೆ ಬೇರೆ ಮಹಡಿಯ, ಪರಿಚಯವಿಲ್ಲದ ಒಬ್ಬರನ್ನು ಮಾತಾಡಿಸಬೇಕು, ಅವರು ಹೇಳಿದ್ದನ್ನು ಆಟದ ಹ್ಯಾಶ್‌ಟ್ಯಾಗ್ ಹಾಕಿ ಪೋಸ್ಟ್ ಮಾಡಬೇಕು. ‘ಈ ಕಟ್ಟಡದಲ್ಲಿ ಬೆಳಗಿನ ಬಿಸಿಲು ಮೊದಲು ಬೀಳುವುದು ಯಾವ ಕಿಟಕಿಗೆ?’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದದ್ದು ಕಸ ಗುಡಿಸುವ ಅಕ್ಕನಿಗೆ. “ನಾನು ಬರೋ ಹೊತ್ತಿಗೆ ಮೂರನೇ ಮಹಡಿ ಮೆಟ್ಟಿಲ ಹತ್ರ ಬಿದ್ದಿರುತ್ತೆ, ಬನ್ನಿ ತೋರಿಸ್ತೀನಿ” ಎಂದು ಅವರೇ ಕರೆದುಕೊಂಡು ಹೋದರಂತೆ. ಆ ಪೋಸ್ಟಿನ ಕೆಳಗೆ ಕಾಮೆಂಟುಗಳು ಬರುತ್ತಲೇ ಇದ್ದವು. ದಿನಾ ಅವರ ಪಕ್ಕದಲ್ಲೇ ಹಾದುಹೋಗುವವರು ಆವತ್ತು ಅವರ ಹೆಸರು ಕೇಳಿದ್ದರು. ನನಗೆ ಬೇಕಿದ್ದ ಆಟ ಇದೇ.

ಒಪ್ಪಿಗೆ ಇಲ್ಲದೆ ಯಾರ ಮುಖವನ್ನೂ ಹಾಕಬಾರದು ಎಂಬ ನಿಯಮವಿತ್ತು. ಕೈ, ಕಿಟಕಿ, ನೆರಳು ಸಾಕು. ಚಿತ್ರಗಳೂ ಹಾಗೇ ಚೆನ್ನಾಗಿ ಬಂದವು.

ಇನ್ನೊಂದು ತೊಡಕಿತ್ತು. ಒಬ್ಬ ಹುಡುಗಿ ಬಂದು, “ನಾನೂ ಹಾಕಿದ್ದೀನಲ್ಲ, ನನ್ನ ಅಂಕ ಎಲ್ಲಿ?” ಎಂದಳು. ಅವಳದು ಪ್ರೈವೇಟ್ ಖಾತೆ. ಅಂಥ ಪೋಸ್ಟುಗಳು ಹ್ಯಾಶ್‌ಟ್ಯಾಗ್ ಹುಡುಕಿದರೆ ನಮಗೆ ಸಿಗುವುದಿಲ್ಲ. ಖಾತೆಯನ್ನು ಪಬ್ಲಿಕ್ ಮಾಡು ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಸುಮ್ನೆ ಒಂದು ಆಟಕ್ಕೆ ಯಾಕೆ ಅಷ್ಟು ಬಿಟ್ಟುಕೊಡಬೇಕು? ಬಾಗಿಲ ಬಳಿ ಮೇಜು ಹಾಕಿ, ಫೋನಿನಲ್ಲಿ ಪೋಸ್ಟ್ ತೋರಿಸಿದರೂ ಅಂಕ ಕೊಟ್ಟೆವು. ಸ್ಟೋರಿಗಳು 24 ಗಂಟೆಯಲ್ಲಿ ಮಾಯವಾಗುವುದರಿಂದ ಲೆಕ್ಕ ಅದೇ ಸಂಜೆ ಮುಗಿಸುತ್ತಿದ್ದೆವು.

ಮೆಟ್ಟಿಲ ಮೇಲೆ ಅಂಟಿಸಿದ್ದ ಎರಡು ಕೋಡುಗಳನ್ನು ಕಿತ್ತು ಲಿಫ್ಟ್ ಪಕ್ಕಕ್ಕೆ, ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಇಳಿಸಿದೆ. ಅದನ್ನು ಮೊದಲ ದಿನವೇ ಮಾಡಬೇಕಿತ್ತು.