ಚಂದದ ಗೇಮ್ ಒಳಗೆ ಆಟ ಇದೆಯಾ? 2 ಗಂಟೆಯಲ್ಲಿ ಪರೀಕ್ಷೆ ಮಾಡುವ ಬಗೆ

ಕಣ್ಣು ಕುಕ್ಕುವ ಗ್ರಾಫಿಕ್ಸ್ ಇದ್ದರೆ ಟೊಳ್ಳು ಗೇಮ್‌ಪ್ಲೇ ಮುಚ್ಚಿಹೋಗುತ್ತದೆಯೇ? ಮೊದಲ ಒಂದೆರಡು ಗಂಟೆ ಖಂಡಿತ ಮುಚ್ಚಿಹೋಗುತ್ತದೆ. ತೊಂದರೆ ಇರುವುದೇ ಅಲ್ಲಿ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಕೇಳಬೇಕಾದರೆ ಕೊಂಡು 14 ದಿನ ದಾಟಿರಬಾರದು, ಆಡಿದ ಸಮಯ 2 ಗಂಟೆಯೊಳಗಿರಬೇಕು. ಬೆಟ್ಟ, ಮಂಜು, ನೀರಿನ ಮೇಲಿನ ಬೆಳಕು ನೋಡುತ್ತ ನಿಂತರೆ ಆ 2 ಗಂಟೆ ಹೋಗಿದ್ದೇ ತಿಳಿಯುವುದಿಲ್ಲ. ಆಟ ಸಪ್ಪೆ ಅನ್ನಿಸುವುದು 5ನೇ ಗಂಟೆಯಲ್ಲಿ, ಕೈ ಮೀರಿದ ಮೇಲೆ. ಹಾಗಾಗಿ ಪರೀಕ್ಷೆಯನ್ನು ಆ 2 ಗಂಟೆಯೊಳಗೇ ಮುಗಿಸಬೇಕು.

ಇದು ಹಳೇ ಕಾಯಿಲೆ. 1983ರಲ್ಲಿ ಬಂದ ಡ್ರ್ಯಾಗನ್ಸ್ ಲೇರ್ ಎಂಬ ಆರ್ಕೇಡ್ ಗೇಮ್ ಲೇಸರ್‌ಡಿಸ್ಕ್ ಎಂಬ ದೊಡ್ಡ ವಿಡಿಯೋ ತಟ್ಟೆಯಿಂದ ನೇರವಾಗಿ ಕಾರ್ಟೂನ್ ಓಡಿಸುತ್ತಿತ್ತು. ಚಿತ್ರಗಳನ್ನು ಬಿಡಿಸಿದ್ದು ಅನಿಮೇಷನ್ ನಿರ್ದೇಶಕ ಡಾನ್ ಬ್ಲೂತ್ ಅವರ ತಂಡ. ಪಕ್ಕದ ಯಂತ್ರಗಳಲ್ಲಿ ಚೌಕ ಚೌಕದ ಬೊಂಬೆಗಳು ಓಡುತ್ತಿದ್ದಾಗ ಇದು ಸಿನಿಮಾದಂತೆ ಕಾಣುತ್ತಿತ್ತು. ಆದರೆ ಆಡುವವನ ಕೆಲಸ ಇಷ್ಟೇ: ಸರಿಯಾದ ಕ್ಷಣಕ್ಕೆ ಸರಿಯಾದ ದಿಕ್ಕಿಗೆ ಜಾಯ್‌ಸ್ಟಿಕ್ ತಳ್ಳುವುದು, ಇಲ್ಲವೇ ಕತ್ತಿಯ ಬಟನ್ ಒತ್ತುವುದು. ಅದು ಬಾಯಿಪಾಠ ಆದಮೇಲೆ ಮಾಡಲು ಬೇರೇನೂ ಉಳಿಯುತ್ತಿರಲಿಲ್ಲ. 1994ರ ರೈಸ್ ಆಫ್ ದಿ ರೋಬೋಟ್ಸ್ ಇನ್ನೂ ಕೆಟ್ಟ ಉದಾಹರಣೆ. ಲೋಹದ ಹೊಳಪಿನ ರೋಬೋಟ್‌ಗಳನ್ನು ತೋರಿಸಿ ಹೆಸರು ಮಾಡಿತು, ಆಡಿದವರು ಹಾರಿ ಒದೆಯುವ ಒಂದೇ ಪಟ್ಟಿನಿಂದ ಹೆಚ್ಚಿನ ಎದುರಾಳಿಗಳನ್ನು ಕೆಡವಿದರು.

ಆಳ ಅಂದರೆ ಏನು ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ಬಟನ್‌ಗಳ ಸಂಖ್ಯೆ ಆಳವಲ್ಲ, ಮ್ಯಾಪ್‌ನ ವಿಸ್ತಾರವೂ ಆಳವಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ಆಡುವ ಚೌಕಾಬಾರವನ್ನು ನೆನಪಿಸಿಕೊಳ್ಳಿ. 4 ಕವಡೆ, ಒಬ್ಬೊಬ್ಬರಿಗೆ 4 ಕಾಯಿ, 25 ಮನೆ, ಅಷ್ಟೇ. ಆದರೂ ಗರ ಬಿದ್ದ ಪ್ರತಿ ಸಲ ಯೋಚನೆ ಮಾಡಲೇಬೇಕು. ಮುಂದಿರುವ ಕಾಯಿಯನ್ನು ಕಟ್ಟೆಗೆ ಸೇರಿಸಿ ಕಾಪಾಡಲೋ, ಹಿಂದಿನದನ್ನು ನಡೆಸಿ ಎದುರಾಳಿಯ ಕಾಯಿ ಹೊಡೆಯಲೋ? ಒಂದು ಕಾಯಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಇಟ್ಟುಕೊಂಡವರಿಗೆ ಈ ಪೇಚಾಟ ಇನ್ನೂ ಜಾಸ್ತಿ. ಆಯ್ಕೆ ಇರಬೇಕು, ಆಯ್ಕೆಗೆ ಬೆಲೆ ತೆರಬೇಕು, ಸನ್ನಿವೇಶ ಬದಲಾದರೆ ಸರಿಯಾದ ಆಯ್ಕೆಯೂ ಬದಲಾಗಬೇಕು. ಈ ಮೂರೂ ಇದ್ದರೆ ಆಳ ಇದೆ.

ವಿಡಿಯೋ ಗೇಮ್‌ನಲ್ಲಿ ಇದನ್ನು ಅಳೆಯಲು ಸುಲಭದ ದಾರಿ ಕ್ರಿಯಾಪದಗಳನ್ನು ಬರೆದುಕೊಳ್ಳುವುದು. ಓಡು, ಹಾರು, ಹೊಡೆ, ತಡೆ, ಅಡಗು, ಎಸೆ. ಆಮೇಲೆ ಒಂದೊಂದು ಜೋಡಿಯ ನಡುವೆ ಗೆರೆ ಎಳೆಯಿರಿ: ಇದು ಅದರ ಮೇಲೆ ಪರಿಣಾಮ ಮಾಡುತ್ತದೆಯೇ? 2017ರ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದರೆ ಬಿಸಿಗಾಳಿ ಮೇಲೇಳುತ್ತದೆ, ಆ ಗಾಳಿಗೆ ಗ್ಲೈಡರ್ ಬಿಚ್ಚಿ ಮೇಲಕ್ಕೆ ಹೋಗಿ ಅಲ್ಲಿಂದ ಬಾಣ ಬಿಡಬಹುದು. ಗುಡುಗು ಬರುವಾಗ ಲೋಹದ ಕತ್ತಿ ಬೆನ್ನಿಗಿದ್ದರೆ ಸಿಡಿಲು ನಿಮಗೇ ಬಡಿಯುತ್ತದೆ. ಗೆರೆಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. 2018ರ ಸೆಲೆಸ್ಟ್‌ನಲ್ಲಿ ಮುಖ್ಯವಾಗಿ ಹಾರು, ಹತ್ತು, ಡ್ಯಾಶ್ ಮಾಡು (ಸರ್ರನೆ ಮುನ್ನುಗ್ಗು) ಎಂಬ ಮೂರೇ ಕ್ರಿಯೆ. ಪಿಕ್ಸೆಲ್ ಚಿತ್ರ, ಆದರೂ ಆಟ ಹತ್ತಾರು ಗಂಟೆ ಕೈ ಬಿಡುವುದಿಲ್ಲ.

ಕೊಳ್ಳುವ ಮೊದಲು

ಟ್ರೇಲರ್ ಬಿಡಿ. ಯೂಟ್ಯೂಬ್‌ನಲ್ಲಿ ಮಾತಿಲ್ಲದ ಪೂರ್ತಿ ಆಟದ ವಿಡಿಯೋ ಹುಡುಕಿ. ವಿಡಿಯೋದ ಮೂರನೇ ಒಂದು ಭಾಗಕ್ಕೆ ಹಾರಿ 5 ನಿಮಿಷ ನೋಡಿ, ಮತ್ತೆ ಮೂರನೇ ಎರಡು ಭಾಗಕ್ಕೆ ಹಾರಿ 5 ನಿಮಿಷ ನೋಡಿ. ಎರಡು ಸಲವೂ ಶಬ್ದ ಬಂದ್ ಇರಲಿ, ಏಕೆಂದರೆ ಸಂಗೀತವೂ ಗ್ರಾಫಿಕ್ಸ್‌ನಷ್ಟೇ ಚೆನ್ನಾಗಿ ಟೊಳ್ಳನ್ನು ಮುಚ್ಚುತ್ತದೆ. ಮೊದಲ ತುಣುಕಿನಲ್ಲಿ ಇಲ್ಲದ ಯಾವುದಾದರೂ ಕೆಲಸ ಎರಡನೆಯದರಲ್ಲಿ ಆಡುವವನ ಕೈಗೆ ಸೇರಿಕೊಂಡಿದೆಯೇ ಎಂಬುದಷ್ಟೇ ಪ್ರಶ್ನೆ. ಬರೀ ಜಾಗ ಬದಲಾಗಿ ಕೆಲಸ ಅದೇ ಆಗಿದ್ದರೆ ಅನುಮಾನ ಪಡಿ. 2015ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ದಿ ಆರ್ಡರ್: 1886ರ ಲಂಡನ್ ಇವತ್ತಿಗೂ ನೋಡಲು ಸೊಗಸು. ಆದರೆ ಮೊದಲು ಬಂದ ಚಾಕು ಕಾಳಗವೇ ಕೊನೆಯ ಕಾಳಗವಾಗಿ ಹೆಚ್ಚುಕಡಿಮೆ ಹಾಗೇ ಮರಳಿ ಬರುತ್ತದೆ. ಆ ಎರಡು ಕಾಳಗಗಳನ್ನು ಪಕ್ಕ ಪಕ್ಕ ನೋಡಿದವರಿಗೆ ಕೊಳ್ಳುವ ಮುಂಚೆಯೇ ವಿಷಯ ತಿಳಿದುಬಿಡುತ್ತದೆ.

ಸ್ಟೀಮ್ ವಿಮರ್ಶೆಗಳಲ್ಲಿ ಆಡಿದ ಸಮಯದ ಫಿಲ್ಟರ್ ಇದೆ. ಕಡಿಮೆ ಹೊತ್ತು ಆಡಿದವರು ಬರೆದದ್ದನ್ನೂ 10 ಗಂಟೆ ದಾಟಿದವರು ಬರೆದದ್ದನ್ನೂ ಬೇರೆ ಬೇರೆಯಾಗಿ ಓದಿ. ಮೊದಲಿನವರು ‘ಅದ್ಭುತ ದೃಶ್ಯ’ ಅನ್ನುತ್ತ, ನಂತರದವರು ‘ಅದೇ ಅದೇ’ ಅನ್ನುತ್ತಿದ್ದರೆ ಉತ್ತರ ಅಲ್ಲೇ ಇದೆ.

ಪ್ಲೇಸ್ಟೇಷನ್ ಅಂಗಡಿಯ ನಿಯಮ ಬೇರೆ. ಡೌನ್‌ಲೋಡ್ ಶುರು ಮಾಡಿದರೆ ಸಾಮಾನ್ಯವಾಗಿ ರಿಫಂಡ್ ಹಕ್ಕು ಹೋಯಿತು. ಅಲ್ಲಿ ಡೆಮೊ ಅಥವಾ ಟ್ರಯಲ್ ಸಿಕ್ಕರೆ ಅದರಲ್ಲೇ ಪರೀಕ್ಷೆ ಮಾಡಿ, ಇಲ್ಲದಿದ್ದರೆ ಡಿಸ್ಕ್ ಕೊಳ್ಳಿ, ಹಿಡಿಸದಿದ್ದರೆ ಮಾರಬಹುದು. ಪಿಸಿಯಲ್ಲಿ ಡೌನ್‌ಲೋಡ್ ಸಮಯದ ಲೆಕ್ಕವೂ ಇರಲಿ: 100 ಜಿಬಿ ಗೇಮ್ 40 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು ಸುಮಾರು ಐದೂವರೆ ಗಂಟೆ ಬೇಕು. ರಾತ್ರಿ ಹಾಕಿ ಮಲಗಿ. ಡೌನ್‌ಲೋಡ್ ಸಮಯ ಆ 2 ಗಂಟೆಗೆ ಸೇರುವುದಿಲ್ಲ.

2 ಗಂಟೆಯ ಲೆಕ್ಕ

ಗೇಮ್ ತೆರೆದ ಕ್ಷಣದಿಂದ ಗಡಿಯಾರ ಓಡುತ್ತದೆ. ಪಾಜ್ ಒತ್ತಿ ಆಟ ನಿಲ್ಲಿಸಿ ಊಟಕ್ಕೆ ಹೋದರೂ ಓಡುತ್ತದೆ. ಮೊದಲ ಸಲ ತೆರೆದಾಗ ಶೇಡರ್‌ಗಳನ್ನು (ಬೆಳಕು, ನೆರಳು ಬಿಡಿಸುವ ಪುಟ್ಟ ಪ್ರೋಗ್ರಾಂಗಳನ್ನು) ಸಿದ್ಧಪಡಿಸುವ ಪಟ್ಟಿ ಬಂದರೆ ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ, ಹಳೇ ಪ್ರೊಸೆಸರ್‌ನಲ್ಲಿ ಅದಕ್ಕೇ ಅರ್ಧ ಗಂಟೆ ಹೋಗಬಹುದು. ಆದ್ದರಿಂದ 105 ನಿಮಿಷಕ್ಕೆ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡೇ ಶುರು ಮಾಡಿ.

ಮೊದಲ 15 ನಿಮಿಷ ಸೆಟ್ಟಿಂಗ್ಸ್‌ಗೆ ಕೊಡಿ. ಇಲ್ಲಿ ತಪ್ಪಿದರೆ ಒಳ್ಳೆಯ ಗೇಮ್ ಕೂಡ ಕೆಟ್ಟದಾಗಿ ಕಾಣುತ್ತದೆ. ಎಫ್‌ಪಿಎಸ್ ಅಂದರೆ ಪರದೆ ಮೇಲೆ ಸೆಕೆಂಡಿಗೆ ಬರುವ ಚಿತ್ರಗಳ (ಫ್ರೇಮ್) ಸಂಖ್ಯೆ. 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್, 30ರಲ್ಲಿ 33.3. ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಂಡದ್ದಕ್ಕೂ ನಡುವೆ ಹಲವು ಫ್ರೇಮ್‌ಗಳು ಹೋಗುವುದರಿಂದ 30ರಲ್ಲಿ ಕೈ ಭಾರ ಅನ್ನಿಸುತ್ತದೆ, ಅದನ್ನೇ ‘ಗೇಮ್‌ಪ್ಲೇ ಸರಿ ಇಲ್ಲ’ ಎಂದು ತಪ್ಪು ತಿಳಿಯುವವರು ಬಹಳ. ನಡುವಿನ ಫ್ರೇಮ್‌ಗಳನ್ನು ಊಹಿಸಿ ತುಂಬುವ ಫ್ರೇಮ್ ಜನರೇಷನ್ ಆಫ್ ಮಾಡಿ. ಅದು ಎಫ್‌ಪಿಎಸ್ ಸಂಖ್ಯೆ ಏರಿಸುತ್ತದೆ, ಬಟನ್‌ನ ತಡವನ್ನು ಕಡಿಮೆ ಮಾಡುವುದಿಲ್ಲ. ಟಿವಿಯಲ್ಲಿ ಆಡುವುದಾದರೆ ಗೇಮ್ ಮೋಡ್ ಆನ್, ಚಲನೆ ನಯಗೊಳಿಸುವ ಸೌಲಭ್ಯ ಆಫ್. ಡಿಫಿಕಲ್ಟಿಯನ್ನು ಹಾರ್ಡ್‌ಗೆ ಇಡಿ, ನಾರ್ಮಲ್‌ನಲ್ಲಿ ಏನು ಒತ್ತಿದರೂ ಗೆಲ್ಲುವ ಗೇಮ್‌ಗಳು ಜಾಸ್ತಿ.

ಮುಂದಿನ ಅರ್ಧ ಗಂಟೆ ಕಟ್‌ಸೀನ್‌ಗಳನ್ನು (ನಡುನಡುವೆ ತಾನೇ ಓಡುವ ಕಥೆಯ ದೃಶ್ಯಗಳನ್ನು) ಸ್ಕಿಪ್ ಮಾಡುತ್ತ ಆಡಿ, ಟ್ಯುಟೋರಿಯಲ್ ದಾಟಿ. ಬಳಿಕ 10 ನಿಮಿಷ ಸ್ಟಾಪ್‌ವಾಚ್ ಹಿಡಿಯಿರಿ. ನಿಯಂತ್ರಣ ನಿಮ್ಮ ಕೈಯಲ್ಲಿದ್ದಾಗ ಓಡಲಿ. ಕಟ್‌ಸೀನ್, ಮಾತಾಡುತ್ತ ನಿಧಾನ ನಡೆಸುವ ಜಾಗ, ಗೋಡೆಯ ಸಂದಿಯಲ್ಲಿ ನುಸುಳುವುದು, ತೋರಿಸಿದ ಬಟನ್ ಒತ್ತುವ ದೃಶ್ಯ ಬಂದಾಗ ನಿಲ್ಲಿಸಿ. ಸಂದಿ ನುಸುಳುವ ಜಾಗಗಳು ಅನೇಕ ಸಲ ಮುಂದಿನ ಭಾಗ ಲೋಡ್ ಆಗಲು ಇಟ್ಟ ಮರೆ. 10ರಲ್ಲಿ 7 ನಿಮಿಷ ನಿಮ್ಮ ಕೈಯಲ್ಲಿದ್ದರೆ ಚಿಂತೆಯಿಲ್ಲ. 4ಕ್ಕಿಂತ ಕಡಿಮೆ ಇದ್ದರೆ ನೀವು ಕೊಂಡದ್ದು ನೋಡುವ ವಸ್ತು.

ತೋರಿಸಿದ ಬಟನ್ ಒತ್ತುವ ದೃಶ್ಯ ಬಂದಾಗ ಇನ್ನೊಂದು ಕೆಲಸ ಮಾಡಿ: ಕೈ ತೆಗೆದು ಸುಮ್ಮನೆ ಕೂತುಬಿಡಿ. ರೈಸ್: ಸನ್ ಆಫ್ ರೋಮ್ 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆಗೇ ಬಂತು, ಅದರ ಕವಚದ ಗೀರುಗಳವರೆಗೂ ಎಣಿಸಬಹುದಿತ್ತು. ಶತ್ರುವನ್ನು ಮುಗಿಸುವ ದೃಶ್ಯದಲ್ಲಿ ಅವನ ಮೈ ನೀಲಿಯೋ ಹಳದಿಯೋ ಹೊಳೆಯುತ್ತದೆ, ಆ ಬಣ್ಣದ ಬಟನ್ ಒತ್ತಬೇಕು. ತಪ್ಪು ಒತ್ತಿದರೂ, ಒತ್ತದೇ ಇದ್ದರೂ ಅವನು ಸಾಯುತ್ತಾನೆ, ಸಿಗುವ ಲಾಭ ಮಾತ್ರ ಸ್ವಲ್ಪ ಕಡಿಮೆ. ಸೋಲೇ ಇಲ್ಲದ ಕಡೆ ಗೆಲುವಿಗೂ ರುಚಿ ಇರುವುದಿಲ್ಲ.

55ನೇ ನಿಮಿಷದ ಹೊತ್ತಿಗೆ ಬಣ್ಣ ಕಳೆಯುವ ಪರೀಕ್ಷೆ, ಇಡೀ ಕ್ರಮದ ಜೀವ ಇದು. ಗ್ರಾಫಿಕ್ಸ್ ಪ್ರಿಸೆಟ್ ಲೋ, ರೆಸಲ್ಯೂಷನ್ ಸ್ಕೇಲ್ 50%, ಮೋಷನ್ ಬ್ಲರ್, ಫಿಲ್ಮ್ ಗ್ರೇನ್ ಎಲ್ಲ ಆಫ್, ಸಂಗೀತ ಸೊನ್ನೆ. ಹೆಜ್ಜೆ ಸಪ್ಪಳ, ಏಟಿನ ಸದ್ದು ಹಾಗೇ ಇರಲಿ, ಅವು ಆಟದ ಮಾಹಿತಿ. ದೂರದ ಶತ್ರುಗಳೇ ಮಾಯವಾದರೆ ವ್ಯೂ ಡಿಸ್ಟೆನ್ಸ್ ಒಂದನ್ನು ಮೀಡಿಯಂಗೆ ತನ್ನಿ. ಕನ್ಸೋಲ್‌ನಲ್ಲಿ ಲೋ ಇರುವುದಿಲ್ಲ, ಟಿವಿಯ ಕಲರ್ ಸೆಟ್ಟಿಂಗ್ ಸೊನ್ನೆಗೆ ಇಳಿಸಿ, ಕಪ್ಪು ಬಿಳುಪಿನಲ್ಲಿ ಆಡಿ. ಈಗ 20 ನಿಮಿಷ ಆಡಿ. ಮಂಕು ಮಂಕಾದ ಈ ಲೋಕದಲ್ಲೂ ‘ಇನ್ನೊಂದು ಸಲ’ ಅನ್ನಿಸಿದರೆ ಆ ಗೇಮ್ ಇಟ್ಟುಕೊಳ್ಳಿ. 5 ನಿಮಿಷಕ್ಕೇ ಕೈ ಸೆಟ್ಟಿಂಗ್ಸ್ ಕಡೆ ಹೋದರೆ ನಿಮ್ಮನ್ನು ಹಿಡಿದಿಟ್ಟಿದ್ದು ಬರೀ ಬೆಳಕು.

ಈ ಪರೀಕ್ಷೆಯಲ್ಲಿ ಒಂದು ಎಚ್ಚರ. ಕೆಲವು ಗೇಮ್‌ಗಳಲ್ಲಿ ಬಣ್ಣವೇ ಆಟದ ಭಾಷೆ. ಸೆಲೆಸ್ಟ್‌ನ ನಾಯಕಿಯ ಕೂದಲು ಕೆಂಪಿದ್ದರೆ ಡ್ಯಾಶ್ ಬಾಕಿ ಇದೆ, ನೀಲಿಯಾದರೆ ಮುಗಿದಿದೆ. 2008ರ ಡೆಡ್ ಸ್ಪೇಸ್‌ನಲ್ಲಿ ನಾಯಕನ ಬೆನ್ನುಹುರಿಯ ಉದ್ದಕ್ಕೂ ಇರುವ ದೀಪದ ಪಟ್ಟಿಯೇ ಅವನ ಪ್ರಾಣದ ಅಳತೆ. ಇಂಥ ಚಿತ್ರ ಅಲಂಕಾರವಲ್ಲ, ಆಟದ ಭಾಗ. ಬಣ್ಣ ಕಳೆದಾಗ ಆಡಲು ಕಷ್ಟವಾದರೆ ಅದನ್ನು ಗೇಮ್‌ನ ಲೆಕ್ಕಕ್ಕೆ ಒಳ್ಳೆಯ ಅಂಕವಾಗಿ ಹಾಕಿ. ಬೇಜಾರಾದರೆ ಮಾತ್ರ ಅಂಕ ಕಳೆಯಿರಿ. ಕಷ್ಟ ಬೇರೆ, ಬೇಜಾರು ಬೇರೆ.

ಉಳಿದ ಹೊತ್ತಿಗೆ ಒಂದೇ ಕಾಳಗವನ್ನು ಮೂರು ರೀತಿ ಆಡಿ. ಸೇವ್ ಮಾಡಿಕೊಂಡು ಮೊದಲ ಸಲ ಗೇಮ್ ಹೇಳಿಕೊಟ್ಟಂತೆ, ಎರಡನೇ ಸಲ ಆ ಆಯುಧ ಮುಟ್ಟದೆ, ಮೂರನೇ ಸಲ ಒಂದೇ ಬಟನ್ ಒತ್ತುತ್ತ. ಮೂರನೆಯದೂ ಮೊದಲಿನಷ್ಟೇ ಸಲೀಸಾದರೆ ರೈಸ್ ಆಫ್ ದಿ ರೋಬೋಟ್ಸ್ ಜಾತಿಯದ್ದೇ ಇದು. ಜೊತೆಗೆ ಏಟು ಎಣಿಸಿ. ನಾರ್ಮಲ್‌ನಲ್ಲಿ 5 ಏಟಿಗೆ ಬೀಳುವವನು ಹಾರ್ಡ್‌ನಲ್ಲಿ 12 ಏಟು ತಿಂದರೂ ಹೊಸದೇನೂ ಮಾಡದಿದ್ದರೆ, ಕಷ್ಟ ಹೆಚ್ಚಿಲ್ಲ, ಹೊತ್ತು ಮಾತ್ರ ಹೆಚ್ಚಿದೆ.

ಎಡವುವ ಜಾಗಗಳು

ನಿಧಾನವಾಗಿ ಬಿಚ್ಚಿಕೊಳ್ಳುವ ಗೇಮ್‌ಗೆ ಈ ಪರೀಕ್ಷೆ ಅನ್ಯಾಯ ಮಾಡಬಹುದು. ಮಾನ್‌ಸ್ಟರ್ ಹಂಟರ್: ವರ್ಲ್ಡ್‌ನ ಮೊದಲ ಗಂಟೆ ಮಾತು, ಓಡಾಟದಲ್ಲೇ ಹೋಗುತ್ತದೆ. ಆದರೆ ಅದರಲ್ಲಿ 14 ಬಗೆಯ ಆಯುಧಗಳಿವೆ, ಒಂದೊಂದನ್ನೂ ಕಲಿಯುವುದು ಬೇರೆಯೇ ವಿದ್ಯೆ. ಇಂಥ ಕಡೆ ಕಥೆ ಬಿಟ್ಟು ತರಬೇತಿ ಅಂಗಳಕ್ಕೆ ಹೋಗಿ ಎರಡು ಆಯುಧ ಹಿಡಿದು ನೋಡಿ. ಕೈಯ ಲಯವೇ ಬೇರೆಯಾದರೆ ಕಾಯಬಹುದು.

ಇದಕ್ಕೆ ವಿರುದ್ಧದ ಮೋಸ ಸ್ಕಿಲ್ ಟ್ರೀ, ಅಂದರೆ ಪಾತ್ರದ ಶಕ್ತಿಗಳನ್ನು ಒಂದೊಂದಾಗಿ ಪಡೆಯುವ ಮರದಂಥ ನಕ್ಷೆ. ನೂರು ಕೊಂಬೆ ಇರುತ್ತದೆ, ಪ್ರತಿ ಕೊಂಬೆಗೆ 3% ಹೆಚ್ಚು ಏಟು, 5% ಹೆಚ್ಚು ಚಿನ್ನ. ಒಂದು ಸ್ಕಿಲ್ ಪಡೆದ ಮೇಲೆ ಬೆರಳು ಹೊಸದೇನಾದರೂ ಮಾಡುತ್ತದೆಯೇ ನೋಡಿ. ಮಾಡದಿದ್ದರೆ ಆ ಮರ ಬರೀ ಲೆಕ್ಕದ ಪುಸ್ತಕ. ಮ್ಯಾಪ್ ತುಂಬ ಚಿಹ್ನೆ ಚೆಲ್ಲಿದ ಗೇಮ್‌ಗಳಿಗೂ ಇದೇ ಮಾತು.

ನೋಡುವುದೇ ಆಟವಾದಾಗ

ಗ್ರಾಫಿಕ್ಸ್ ಆಟವನ್ನು ನಿಜವಾಗಿ ಹೊರುವ ಸಂದರ್ಭಗಳೂ ಇವೆ. 2012ರ ಜರ್ನಿಯಲ್ಲಿ ನಡೆಯುವುದು, ಹಾರುವುದು, ಒಂದು ಸ್ವರ ಹೊರಡಿಸುವುದು ಬಿಟ್ಟರೆ ಹೆಚ್ಚೇನಿಲ್ಲ. ಮರಳಿನ ಮೇಲೆ ಜಾರುವಾಗ ಬೆಳಕು ಬೀಳುವ ರೀತಿಯೇ ಅದರ ಸಂಪತ್ತು. ಆದರೆ ಅದು ಸುಮಾರು 2 ಗಂಟೆಗೆ ಮುಗಿಯುತ್ತದೆ, ಹೇಳುವುದು ಮುಗಿದ ಕೂಡಲೇ ನಿಲ್ಲುತ್ತದೆ. ಅದೇ ಸಾಮಗ್ರಿಯನ್ನು 40 ಗಂಟೆ ಎಳೆದಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬೇರೆ ಥರ. ಅಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಕೆಳಗಿನ ಹೆದ್ದಾರಿ, ಹೊಳೆ, ಘಟ್ಟದ ಸಾಲು ನೋಡಿಕೊಂಡೇ ದಾರಿ ಹಿಡಿಯಬಹುದು. ನೆಲದ ಚಿತ್ರ ನಿಖರವಾದಷ್ಟೂ ಹಾರುವ ಕೆಲಸಕ್ಕೆ ಅನುಕೂಲ.

ಅಂದರೆ ಕೇಳಬೇಕಾದ್ದು ಎರಡು: ನೋಡಿದ್ದರಿಂದ ನಾನು ಮಾಡುವ ಕೆಲಸ ಬದಲಾಗುತ್ತದೆಯೇ? ಬದಲಾಗದಿದ್ದರೆ, ಆಟ ಚಿಕ್ಕದಾಗಿ ಮುಗಿಯುತ್ತದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಅಲಾರಂ ಹೊಡೆದಾಗ ಗೇಮ್ ಮುಚ್ಚಿ. ಸ್ಟೀಮ್ ಸಪೋರ್ಟ್‌ಗೆ ಹೋಗಿ, ಖರೀದಿ ಪಟ್ಟಿಯಲ್ಲಿ ಆ ಗೇಮ್ ಆರಿಸಿ, ರಿಫಂಡ್ ಬೇಕು ಎಂಬುದನ್ನು ಒತ್ತಿ, ಹಣ ಸ್ಟೀಮ್ ವಾಲೆಟ್‌ಗೋ ಕೊಟ್ಟ ದಾರಿಗೋ ಎಂದು ಆರಿಸಿ. ಒಪ್ಪಿಗೆ ಸಿಕ್ಕ ಮೇಲೆ ಸಾಮಾನ್ಯವಾಗಿ ಒಂದು ವಾರದೊಳಗೆ ಹಣ ಬರುತ್ತದೆ.

ಆ ಲೋಕವನ್ನು ಒಮ್ಮೆ ನೋಡಲೇಬೇಕು ಎಂಬ ಆಸೆ ಉಳಿದಿದ್ದರೆ ವಿಷ್‌ಲಿಸ್ಟ್‌ಗೆ ಹಾಕಿಡಿ. ದರ ಒಂದು ಸಿನಿಮಾ ಟಿಕೆಟ್‌ನ ಹತ್ತಿರಕ್ಕೆ ಇಳಿದಾಗ ಕೊಳ್ಳಿ. ಆಗ ಡಿಫಿಕಲ್ಟಿ ಸ್ಟೋರಿ ಮೋಡ್‌ಗೆ, ಗ್ರಾಫಿಕ್ಸ್ ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆ, ಒಂದು ಕಟ್‌ಸೀನ್ ಕೂಡ ಸ್ಕಿಪ್ ಮಾಡದೆ ಎರಡು ಮೂರು ಕೂರಿಕೆಯಲ್ಲಿ ಮುಗಿಸಿ, ಫೋಟೋ ಮೋಡ್ ಇದ್ದರೆ ನಾಲ್ಕು ಚಿತ್ರ ತೆಗೆದು ಅನ್‌ಇನ್‌ಸ್ಟಾಲ್ ಮಾಡಿ.