ಚಾರಣದ ಸಾಮಾನು: ಕೊಂಡ ಬಗೆ, ಬಳಸಿದ ಬಗೆ

ಮೈಸೂರಿನ ಚಾರಣಿಗರಿಗೆ ಇರುವ ದೊಡ್ಡ ಅನುಕೂಲವೆಂದರೆ, ಅಂಗಡಿಯಿಂದ ತಂದ ಸಾಮಾನನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳು ಊರಿಗೆ ಅಂಟಿಕೊಂಡೇ ಇವೆ. 1,712 ಮೀಟರ್ ಎತ್ತರದ ಕುಮಾರಪರ್ವತಕ್ಕಾಗಲಿ, ಕೊಡಗಿನ ತಡಿಯಂಡಮೋಳಿಗಾಗಲಿ ಹೊರಡುವ ಮೊದಲು, ಹೊಸ ಶೂ ಇರಲಿ ಹೊಸ ಚೀಲ ಇರಲಿ, ಪೂರ್ತಿ ಭಾರದೊಡನೆ ಈ ಮೆಟ್ಟಿಲುಗಳನ್ನು ಒಮ್ಮೆ ಹತ್ತಿಳಿದ ಮೇಲೆಯೇ ನಾನು ಅದನ್ನು ನಂಬುತ್ತೇನೆ. ಭಾರಕ್ಕೆ ನೀರಿನ ಬಾಟಲಿಗಳೇ ಸಾಕು. ಲೀಟರಿಗೆ ಒಂದು ಕಿಲೋ ಎಂಬ ಲೆಕ್ಕ ಸುಲಭ. ಇಳಿಯುವಾಗ ಮಂಡಿ ತಕರಾರು ಮಾಡಿದರೆ ಯಾವುದಾದರೂ ಗಿಡದ ಬುಡಕ್ಕೆ ಸುರಿದು ಹಗುರಾಗಬಹುದು.

ಒಂದು ದಿನದ ಚಾರಣಕ್ಕೆ 20ರಿಂದ 25 ಲೀಟರಿನ ಚೀಲ ಧಾರಾಳವಾಯಿತು. ರಾತ್ರಿ ತಂಗುವುದಿದ್ದರೆ 45 ಲೀಟರಿನ ಆಸುಪಾಸಿನದು ಬೇಕು. ಆದರೆ ಲೀಟರಿಗಿಂತ ಮುಖ್ಯವಾದದ್ದು ಬೆನ್ನಿನ ಅಳತೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ದರ್ಜಿಯ ಟೇಪಿನಲ್ಲಿ ಅಳೆದುಕೊಂಡೇ ನಾನು ಅಂಗಡಿಗೆ ಹೋದದ್ದು, ಏಕೆಂದರೆ ಎತ್ತರದ ಆಳಿಗೆ ಉದ್ದನೆಯ ಬೆನ್ನೇ ಇರಬೇಕೆಂಬ ನಿಯಮವಿಲ್ಲ. ಚೀಲವನ್ನು ಹೊರುವಾಗ ಪಟ್ಟಿಗಳನ್ನೆಲ್ಲ ಸಡಿಲಿಸಿ, ಮೊದಲು ಸೊಂಟದ ಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ ಬಿಗಿದು, ಆಮೇಲೆ ಭುಜದ ಪಟ್ಟಿಗಳನ್ನೂ ಕಡೆಯಲ್ಲಿ ಎದೆಯ ಪಟ್ಟಿಯನ್ನೂ ಎಳೆದುಕೊಳ್ಳುತ್ತೇನೆ. ಭುಜದ ಪಟ್ಟಿಯ ಕೆಳಗೆ ಬೆರಳು ತೂರಿಸಿ ಮೇಲಕ್ಕೆತ್ತಿದಾಗಲೂ ಭಾರ ಸೊಂಟದ ಮೇಲೆಯೇ ನಿಂತಿದ್ದರೆ ಹೊಂದಿಕೆ ಸರಿಯಾಗಿದೆ ಎಂದರ್ಥ. ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯಲ್ಲಿ ಎಲ್ಲರೂ ದಣಿವಾರಿಸಿಕೊಳ್ಳುವ ನಂದಿ ವಿಗ್ರಹದ ಬಳಿ ಚೀಲ ಇಳಿಸಿ ಹೆಗಲು ಮುಟ್ಟಿ ನೋಡುತ್ತೇನೆ. ಅಲ್ಲಿಗೇ ನೋವು ಶುರುವಾಗಿದ್ದರೆ ಆ ಚೀಲ ದೂರದ ದಾರಿಗೆ ಆಗಿಬರುವುದಿಲ್ಲ.

ತುಂಬುವಾಗ ಮಲಗುವ ಚೀಲ ತಳಕ್ಕೆ, ನೀರು ಮತ್ತು ಆಹಾರದಂಥ ಭಾರದ ವಸ್ತುಗಳು ನಡುವೆ ಬೆನ್ನಿಗೆ ತಾಗುವಂತೆ, ಮಳೆಯಂಗಿ ಎಲ್ಲಕ್ಕಿಂತ ಮೇಲೆ. ಭಾರ ಹೊರಗಡೆಗೆ ಸರಿದಷ್ಟೂ ಅದು ನಮ್ಮನ್ನು ಹಿಂದಕ್ಕೆ ಜಗ್ಗುತ್ತದೆ.

ಶೂ ಕೊಳ್ಳಲು ನಾನು ಸಂಜೆಯೇ ಹೋಗುತ್ತೇನೆ, ಏಕೆಂದರೆ ದಿನವಿಡೀ ಓಡಾಡಿದ ಪಾದ ತುಸು ಊದಿಕೊಂಡಿರುತ್ತದೆ, ಬೆಟ್ಟದಲ್ಲೂ ಹಾಗೆಯೇ ಊದುತ್ತದೆ. ಚಾರಣಕ್ಕೆ ಹಾಕುವ ಕಾಲುಚೀಲವನ್ನೇ ತೊಟ್ಟು ನೋಡಬೇಕು. ಇಳಿಜಾರಿನಲ್ಲಿ ಬೆರಳ ತುದಿ ಮುಂದಕ್ಕೆ ತಾಗಬಾರದು. ತಾಗಿದರೆ ಕಾಲುಗುರು ಕಪ್ಪಾಗುವುದು ಖಂಡಿತ. ಹಿಡಿತವನ್ನು ಪರೀಕ್ಷಿಸಲು ಪಾಂಡವಪುರದ ಕುಂತಿ ಬೆಟ್ಟದ ಕಲ್ಲುಬಂಡೆಗಳಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಒಣಬಂಡೆಯ ಮೇಲೆ ಮೆದುರಬ್ಬರಿನ ಅಟ್ಟೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಮಲೆನಾಡಿನ ಕೆಸರಿಗೆ ಆಳವಾದ ಹಲ್ಲುಗಳೇ ಬೇಕು, ಹಾವಸೆ ಕಟ್ಟಿದ ಒದ್ದೆ ಕಲ್ಲಿನ ಮೇಲೆ ಮಾತ್ರ ಎಷ್ಟೇ ಬೆಲೆಯ ಶೂ ಆದರೂ ಜಾರುತ್ತದೆ.

ಬಟ್ಟೆಯ ವಿಚಾರ ಚಿಕ್ಕದು: ಹತ್ತಿ ಮತ್ತು ಜೀನ್ಸ್ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಹೀರುತ್ತವೆ, ಆದ್ದರಿಂದ ಪಾಲಿಯೆಸ್ಟರ್ ವಾಸಿ.

ಮಳೆಗಾಲದ ಮಾತೇ ಬೇರೆ. ಚೀಲದ ಹೊರಹೊದಿಕೆ ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯದು. ಹಾಗಾಗಿ ನಾನು ಚೀಲದೊಳಗೇ ದಪ್ಪ ಪಾಲಿಥೀನಿನ ಒಂದು ದೊಡ್ಡ ಚೀಲವಿಟ್ಟು, ಅದರೊಳಗೆ ಸಾಮಾನು ತುಂಬಿ ಬಾಯಿಯನ್ನು ತಿರುಚಿ ಮಡಿಸಿಬಿಡುತ್ತೇನೆ. ದುಬಾರಿ ಹೊದಿಕೆಗಿಂತ ಇದರ ಮೇಲೆಯೇ ನನಗೆ ಭರವಸೆ. ರಕ್ತ ಹೀರುವ ಇಂಬಳಗಳಿಂದ (ಜಿಗಣೆಗಳಿಂದ) ತಪ್ಪಿಸಿಕೊಳ್ಳಲು, ಒತ್ತಾಗಿ ನೇಯ್ದ ಮೊಣಕಾಲುದ್ದದ ಕಾಲುಚೀಲದೊಳಗೆ ಪ್ಯಾಂಟನ್ನು ಸೇರಿಸಿಕೊಳ್ಳುತ್ತೇನೆ. ಅಷ್ಟಾದರೂ ಕಚ್ಚಿದರೆ ಉಪ್ಪು ಸುರಿಯುವುದಿಲ್ಲ, ಬೆಂಕಿಯನ್ನಂತೂ ತಾಗಿಸುವುದೇ ಇಲ್ಲ; ಅದರ ಬಾಯಿಯ ಬಳಿ ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಬಿಡುವ ರಸದಿಂದಾಗಿ ಸ್ವಲ್ಪ ಹೊತ್ತು ಒಸರುತ್ತಲೇ ಇರುತ್ತದೆ, ಗಾಬರಿ ಬೇಡ.

ಒಲೆಯನ್ನು ನಾನು ಒಯ್ಯುವುದಿಲ್ಲ, ಕಾಡಿನಲ್ಲಿ ಬೆಂಕಿ ಹೊತ್ತಿಸುವಂತೆಯೂ ಇಲ್ಲ. ರಾಗಿಯ ಹುರಿಹಿಟ್ಟಿಗೆ ಮಂಡ್ಯದ ಬೆಲ್ಲದ ಪುಡಿ ಬೆರೆಸಿಟ್ಟುಕೊಂಡರೆ ತಣ್ಣೀರಿನಲ್ಲೇ ಕಲಸಿ ತಿನ್ನಬಹುದು. ವರ್ಷಕ್ಕೊಮ್ಮೆ ಬೇಕಾಗುವ ಡೇರೆಯನ್ನು ಬಾಡಿಗೆಗೆ ತರುತ್ತೇನೆ; ಶೂ, ಚೀಲ, ಹಣೆದೀಪ ಮಾತ್ರ ಸ್ವಂತದ್ದು. ಮನೆಗೆ ಬಂದ ಮೇಲೆ ಮಲಗುವ ಚೀಲವನ್ನು ಅದರ ಪುಟ್ಟ ಗವಸಣಿಗೆಯಲ್ಲಿ ತುರುಕಿಡದೆ, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಹಳೆಯ ದಿಂಬಿನ ಚೀಲದಲ್ಲಿ ಸಡಿಲವಾಗಿ ಇಡುತ್ತೇನೆ, ಇಲ್ಲದಿದ್ದರೆ ಒಳಗಿನ ತುಂಬು ಹಿಂಡಿಹೋಗಿ ಬೆಚ್ಚಗಿಡುವ ಗುಣ ಕಡಿಮೆಯಾಗುತ್ತದೆ.