ಅಪ್ಪನ ಮಳೆ ಪುಸ್ತಕ ಇಟ್ಟುಕೊಂಡು ಬೇಸಿಕ್ ಕಲಿತೆ

ನಮ್ಮ ಮನೆ ಹೊಸನಗರ ತಾಲ್ಲೂಕು, ನಗರದ ಹತ್ತಿರ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನಕ್ಕೂ ಬಂತು ಅನ್ನುವಂತಿಲ್ಲ. ಅದಕ್ಕೇ ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು, ಸೆಲ್‌ನಲ್ಲಿ ಓಡುವ ಪುಟ್ಟ ಕಂಪ್ಯೂಟರ್ ಟಿಆರ್‌ಎಸ್-80 ಮಾಡೆಲ್ 100 ತರಿಸಿದ್ದು. 1983ರ ಮೆಷಿನ್. ಗೋಡೆ ಗಡಿಯಾರದ ಸೆಲ್ ನಾಲ್ಕು ಹಾಕಿದರೆ 20 ಗಂಟೆ ಹತ್ತಿರ ಓಡುತ್ತದೆ. "ಚಿಕ್ಕಪ್ಪಾ, ಎಂಟು ಸಾಲಿನ ಸ್ಕ್ರೀನಲ್ಲಿ ಏನು ಕಲೀತೀರಿ? ದುಡ್ಡು ಸುಮ್ನೆ ಹಾಳು" ಎಂದ ಅಣ್ಣನ ಮಗ.

ದುಡ್ಡೇನೋ ಹೋಯಿತು. ಮೆಷಿನ್‌ಗೆ ಸುಮಾರು 12 ಸಾವಿರ, ಕೊರಿಯರ್, ಕಸ್ಟಮ್ಸ್ ಅಂತ ಮತ್ತೆ ಏಳೆಂಟು ಸಾವಿರ. ಬಂದಾಗ ಆನ್ ಆಗಲೇ ಇಲ್ಲ. ಒಳಗಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ ಬೋರ್ಡ್ ಹಸಿರುಗಟ್ಟಿತ್ತು. ಶಿವಮೊಗ್ಗದಲ್ಲಿ ಒಬ್ಬರ ಹತ್ತಿರ ಕೊಟ್ಟೆ. 1,500 ತೆಗೆದುಕೊಂಡು, ಬೋರ್ಡಿನ ಒಂದು ಟ್ರ್ಯಾಕ್ (ತಾಮ್ರದ ಗೆರೆ) ಕಿತ್ತು ವಾಪಸ್ ಕೊಟ್ಟರು. ಆಮೇಲೆ ನಾನೇ ಕೂತೆ. ವಿನೆಗರ್, ಹಳೇ ಬ್ರಶ್, ಹೊಸ ಕೆಪಾಸಿಟರ್, ಒಂದು ಜಂಪರ್ ವೈರ್. 400 ರೂಪಾಯಿ ಒಳಗೇ ಮುಗಿಯಿತು!

ಎರಡು ತಿಂಗಳು ಬೇಸಿಕ್ ಪುಸ್ತಕದ ಉದಾಹರಣೆ ಟೈಪ್ ಮಾಡಿದೆ. ಒಂದೂ ತಲೆಯಲ್ಲಿ ಉಳಿಯಲಿಲ್ಲ. ಆಗ ಅಪ್ಪನ ಮಳೆ ಪುಸ್ತಕ ತೆಗೆದೆ. ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿದ್ದು. ಜೂನ್‌ನಿಂದ ಸೆಪ್ಟೆಂಬರ್, 122 ದಿನ, 30 ವರ್ಷ. ಅಷ್ಟಕ್ಕೂ ಅರೇ (ಸಂಖ್ಯೆಗಳ ಪಟ್ಟಿ) ಮಾಡಿದರೆ ಮೊದಲ ಸಾಲಿಗೇ ಓಎಂ ಎರರ್, ಅಂದರೆ ಮೆಮೊರಿ ಸಾಲದು. ಈ ಬೇಸಿಕ್ ನೀವು ಹೇಳದಿದ್ದರೆ ಒಂದೊಂದು ಸಂಖ್ಯೆಗೂ 8 ಬೈಟ್ ಮೆಮೊರಿ ತಿನ್ನುತ್ತದೆ. ಇದ್ದದ್ದೇ 29 ಸಾವಿರ ಚಿಲ್ಲರೆ ಬೈಟ್. ಡೆಫಿಂಟ್ ಹಾಕಿ, ಅಂದರೆ ಎಲ್ಲ ಇಂಟಿಜರ್ (ಪೂರ್ಣಾಂಕ) ಎಂದು ಹೇಳಿ, 2 ಬೈಟಿಗೆ ಇಳಿಸಿದೆ, ಹಿಡಿಯಿತು. ಮಿಲಿಮೀಟರಿನ ಬಿಂದು ತೆಗೆಯಲು ಎಲ್ಲವನ್ನೂ ಹತ್ತರಿಂದ ಗುಣಿಸಿಟ್ಟಿದ್ದೆ.

ಒಟ್ಟು ಕೂಡಿಸಲು ಹೋದರೆ ಆಗಸ್ಟ್ ಹೊತ್ತಿಗೆ ಓವಿ ಎರರ್, ಅಂದರೆ ಸಂಖ್ಯೆ ಮಿತಿ ಮೀರಿತು. ಒಂದು ವಾರ ಪ್ರೋಗ್ರಾಂ ತಪ್ಪು ಅಂತಲೇ ಹುಡುಕಿದೆ. ತಪ್ಪಿದ್ದದ್ದು ಬೇರೆ ಕಡೆ. ಇಂಟಿಜರ್ 32767 ದಾಟುವುದಿಲ್ಲ, ಅಂದರೆ 3276 ಮಿಲಿಮೀಟರ್. ನಮ್ಮ ಮಳೆ ಅದನ್ನು ದಾಟಿಬಿಟ್ಟಿತ್ತು! ಬಯಲುಸೀಮೆಯಲ್ಲಿ ಕಲಿತಿದ್ದರೆ ಈ ಪಾಠ ನನಗೆ ಸಿಗುತ್ತಲೇ ಇರಲಿಲ್ಲ. ಮೊತ್ತಕ್ಕೆ ಮಾತ್ರ ಡಬಲ್, ಅಂದರೆ ಆ 8 ಬೈಟಿನ ಸಂಖ್ಯೆ, ಇಟ್ಟೆ. ವೇರಿಯಬಲ್ ಟೈಪ್ ಅಂದರೇನು ಅಂತ ಆ ದಿನ ಗೊತ್ತಾಯಿತು, ಮತ್ತೆ ಮರೆತಿಲ್ಲ.

ದೊಡ್ಡ ಪೆಟ್ಟು ಅಂದರೆ ಒಂದು ರಾತ್ರಿ ಸೆಲ್ ಸತ್ತು, ಬ್ಯಾಕಪ್ ಬ್ಯಾಟರಿಯೂ ಕೈಕೊಟ್ಟು, 11 ವರ್ಷದ ಅಂಕಿ ಅಳಿಸಿಹೋದದ್ದು. ಊಟ ಸೇರಲಿಲ್ಲ. ಆಮೇಲೆ ದಿನಾ ಸಂಜೆ ಅಂಕಿಗಳನ್ನು ಸದ್ದಾಗಿ ಕ್ಯಾಸೆಟ್‌ಗೆ ಸೇವ್. ಫೋನಿನ ರೆಕಾರ್ಡರ್‌ಗೂ ಪ್ರಯತ್ನಿಸಿದೆ. ಅದು ಸದ್ದು ಕಡಿಮೆ ಮಾಡುವ ತನ್ನ ಬುದ್ಧಿ ತೋರಿಸಿ ಎಲ್ಲ ಕೆಡಿಸಿತು. ಮೆಷಿನ್‌ಗೂ ಫೋನಿಗೂ ನಡುವೆ ಎರಡು ರೆಸಿಸ್ಟರ್ ಹಾಕಿದ ಮೇಲೆ ಸರಿಯಾಯಿತು. ಅವು ಎಷ್ಟು ಓಮ್‌ನವು ಅಂತ ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಮಳೆಗಾಲದ ತೇವಕ್ಕೆ ಮೆಷಿನ್ ಎಲ್ಲಿ ಇಡುತ್ತೇನೆ ಅನ್ನುವುದೂ ಹಾಗೇ.

ಈಗ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪ್ರೋಗ್ರಾಂ ಬರೆದಿದ್ದೇನೆ. 100 ಲೀಟರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ ಲೆಕ್ಕದಲ್ಲಿ, ಮರ ಎಷ್ಟಿದೆ ಎಂದು ಕೊಟ್ಟರೆ ಸಾಮಾನು, ಕೂಲಿ ಎಲ್ಲ ಹೇಳುತ್ತದೆ. ಕಳೆದ ವರ್ಷ ಕೊಳೆ ಔಷಧಿ ಹೊಡೆಸುವಾಗ ಅಣ್ಣನ ಮಗನೇ ಆ ಮೆಷಿನ್ ಹಿಡಿದುಕೊಂಡು ತೋಟಕ್ಕೆ ಹೋಗಿದ್ದ.